ಡಕ್ಕೊಂದು ಕೊಂಬು

ನಮ್ಮ ಮನೆಯ ಹಜಾರದ ತೊಲೆ ಮತ್ತಿ ಮರದ್ದು. ಹನಕೆರೆಯಲ್ಲಿ ನನ್ನ ಮಾವನವರ ಹಳೆಯ ಮನೆ ಕೆಡವಿದಾಗ ನಮ್ಮ ಪಾಲಿಗೆ ಬಂತು. ಬಂದಾಗ ಹದಿನೆಂಟು ಅಡಿ ಉದ್ದವಿತ್ತು. ಬುಡದ ಕಡೆ ಒಂದಡಿಗೂ ಮೀರಿದ ಅಗಲ, ತುದಿಯ ಕಡೆ ಒಂದು ಗೇಣು. ಬದುಕಿದ್ದಾಗ ಏನನ್ನೂ ಕೊಡದ ಮಾವನವರು ಹೋದ ಮೇಲೆ ಇದೊಂದನ್ನು ಕೊಟ್ಟರು ಎಂದು ನಾನು ಗಾಡಿಯವನ ಮುಂದೆ ಹೇಳಿದ್ದು ಒಳಗೆ ಕೇಳಿಸಿತು. "ಅವರು ಕೊಟ್ಟದ್ದು ದಿನಾ ಎರಡು ಹೊತ್ತು ಬಡಿಸ್ತಾ ಇದೆ, ಕಣ್ಣಿಗೆ ಬಿದ್ದಿಲ್ಲ ಅಷ್ಟೆ" ಎಂದಳು ನನ್ನ ಹೆಂಡತಿ ಸರಸಮ್ಮ. ನಮ್ಮ ಮನೆಯಲ್ಲಿ ಕಿವಿ ಚುರುಕಾಗಿರುವುದು ನನಗೊಬ್ಬನಿಗೇ ಎಂದು ನಾನು ಬಹಳ ಕಾಲ ತಿಳಿದುಕೊಂಡಿದ್ದೆ.

ಅದು ಸಾವಿರದ ಒಂಬೈನೂರ ಮೂವತ್ತಮೂರನೆಯ ಇಸವಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಏಳುತ್ತಿತ್ತು. ಮದ್ದೂರಿನ ಸುತ್ತಮುತ್ತ ಗುಂಡಿ ತೋಡಿ, ಆಳುದ್ದದ ಗರಗಸವನ್ನು ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುವ ಮರ ಕೊಯ್ಯುವವರೆಲ್ಲ ಅತ್ತ ಹೋಗಿದ್ದರು. ಕೊಪ್ಪದಲ್ಲಿ ಒಬ್ಬ ಉಳಿದಿದ್ದಾನೆ ಎಂದು ಕೇಳಿ ಅಲ್ಲಿಗೆ ಹೋದರೆ ಉಳಿದಿದ್ದವಳು ಅವನ ಹೆಂಡತಿ. ನನಗೆ ಬೇಕಾಗಿದ್ದದ್ದು ಹಲಗೆಯೂ ಅಲ್ಲ, ಒಂದೇ ಒಂದು ಅಡ್ಡ ಕೊಯ್ತ. ಬುಡದಿಂದ ಹತ್ತಡಿಗೆ ತುಂಡು ಮಾಡಿದರೆ ಹೊಸ ಹಜಾರಕ್ಕೆ ತೊಲೆಯಾಯಿತು, ಉಳಿದದ್ದು ಹಿತ್ತಲಿಗೆ ಕಂಬ. ಇಷ್ಟಕ್ಕೆ ಬಾಬು ಜಾನ್ ಸಾಕು ಎಂದುಕೊಂಡೆ.

ಬಾಬು ಜಾನ್ ಗಾಡಿ ಕೆಲಸದವನು. ಹೊಳೆಯ ದಾರಿಯಲ್ಲಿ ಅವನ ಮನೆ, ಮನೆಯ ಜಗುಲಿಯೇ ಅವನ ಅಂಗಡಿ. ಸವೆದ ಚಕ್ರಕ್ಕೆ ಹೊಸ ಕಡ್ಡಿ ಕೂಡಿಸುತ್ತಿದ್ದ, ಮುರಿದ ನೊಗ ಸರಿ ಮಾಡುತ್ತಿದ್ದ, ಮಳೆಗೆ ಮುಂಚೆ ನೇಗಿಲು. ಅವನಲ್ಲಿದ್ದದ್ದು ಒಂದು ಬಾಚಿ, ನಾಲ್ಕು ಉಳಿ, ಎರಡು ಕೈಗರಗಸ. ಎರಡರಲ್ಲಿ ದೊಡ್ಡದೆಂಬುದು ಒಂದೂವರೆ ಮೊಳ. ಇಪ್ಪತ್ತು ವರ್ಷದ ಹಿಂದೆ ಅವನು ನನ್ನ ತರಗತಿಯಲ್ಲಿ ಎರಡು ವರ್ಷ ಕೂತಿದ್ದವನು. ನಾನಾಗ ಹೊಸ ಮೇಷ್ಟ್ರು. ಬೆತ್ತದ ಮೇಲೆ ನಂಬಿಕೆಯಿತ್ತು. ಅವನಿಗೆ ಅಕ್ಷರ ಬಂತು, ಶುದ್ಧಿ ಬರಲಿಲ್ಲ.

ಈ ಶುದ್ಧಿಯ ವಿಷಯ ಸ್ವಲ್ಪ ಹೇಳಬೇಕು. ಶಾಲೆಯ ಒಳಗೆ, ಅಳ್ಳಿ ಎಂದವನ ಬಾಯಲ್ಲಿ ಹಳ್ಳಿಯನ್ನೂ ಬುಡು ಎಂದವನ ಬಾಯಲ್ಲಿ ಬಿಡುವನ್ನೂ ಬರಿಸುವುದು ನನ್ನ ಉದ್ಯೋಗ. ಶಾಲೆಯ ಹೊರಗೆ ಅದೇ ಅಳ್ಳಿಯನ್ನು, ಅದೇ ಬುಡುವನ್ನು ಕಿವಿಗೊಟ್ಟು ಕೇಳಿ ನೋಟು ಪುಸ್ತಕದಲ್ಲಿ ಇಳಿಸಿಕೊಳ್ಳುವುದು ನನ್ನ ಚಟ. ಮೈಸೂರಿನಿಂದ ನೆಂಟರು ಬಂದರೆ ಊಟವಾದ ಮೇಲೆ ಎಲೆಯಡಿಕೆ, ಎಲೆಯಡಿಕೆಯಾದ ಮೇಲೆ ನಾನು. ಸಂತೆಯಲ್ಲಿ ಇಬ್ಬರು ಹೆಂಗಸರು ಒಂದು ಕೋಳಿಗಾಗಿ ಆಡಿದ ಜಗಳವನ್ನು ಇಬ್ಬರ ಧ್ವನಿಯಲ್ಲೂ ಮಾಡಿ ತೋರಿಸುತ್ತಿದ್ದೆ. ನೆಂಟರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಬಾಬು ಜಾನ್ ಜೊತೆಗಂತೂ ಎದುರಿಗೇ ಅವನ ಮಾತಿನಲ್ಲಿ ಮಾತಾಡುತ್ತಿದ್ದೆ. "ಏನ್ಲಾ ಬಾಬು, ಸಂದಾಕಿದೀಯಾ?" ಎಂದರೆ ಅವನು ನಗುತ್ತಿದ್ದ. ಆ ನಗು ನನ್ನ ಜಾಣತನಕ್ಕೆ ಬಿದ್ದ ಅಂಕ ಎಂದೇ ಎಣಿಸಿದ್ದೆ. ಗುರುಗಳು ನಕ್ಕಾಗ ಜೊತೆಗೆ ನಗುವುದನ್ನೂ ನಾನೇ ಅವನಿಗೆ ಕಲಿಸಿರಬಹುದು ಎಂಬುದು ಹೊಳೆಯಲಿಲ್ಲ.

ಅವನು ಬಂದು ತೊಲೆಯ ಸುತ್ತ ಎರಡು ಸಲ ನಡೆದ. ಆಮೇಲೆ ಕೂತ. ಮೊದಲ ದಿನವೆಲ್ಲ ಗರಗಸ ಚೀಲದಿಂದ ಹೊರಗೆ ಬರಲಿಲ್ಲ. ಹಳೆಯ ಮೊಳೆ ಎಲ್ಲಿದೆ ಎಂದು ಬೆರಳಲ್ಲಿ ಸವರಿ ಸವರಿ ಹನ್ನೊಂದು ಮೊಳೆ ಕಿತ್ತ. ನೆಲ ಮಟ್ಟ ಮಾಡಿ ನಾಲ್ಕು ಅಡ್ಡ ಮರ ಹಾಕಿಸಿದ, ಕೊಯ್ಯುವ ಜಾಗದ ಆಚೆ ಎರಡು, ಈಚೆ ಎರಡು. ತುಂಡಾದಾಗ ಎರಡು ಭಾಗವೂ ತಾವಿದ್ದಲ್ಲೇ ಮಲಗಿರಬೇಕು, ಯಾವುದೂ ನೆಲಕ್ಕೆ ಬೀಳಬಾರದು, ಬೀಳುವ ಮರ ಯಾರ ಕಡೆ ಬೀಳುತ್ತದೆಂದು ಹೇಳುವುದಿಲ್ಲ ಎಂದು ವಿವರಿಸಿದ. ಕೆಮ್ಮಣ್ಣಿನ ನೀರಿನಲ್ಲಿ ಅದ್ದಿದ ದಾರವನ್ನು ತೊಲೆಯ ನಾಲ್ಕು ಮಗ್ಗುಲಿಗೂ ಸುತ್ತಿ, ಹೊರಟ ಜಾಗಕ್ಕೇ ಗೆರೆ ಬಂದು ಸೇರಿತೇ ಎಂದು ನೋಡಿದ. ಕೂದಲೆಳೆಯಷ್ಟು ತಪ್ಪಿತ್ತು. ಒರೆಸಿ ಮತ್ತೆ ಸುತ್ತಿದ. ಕೊಯ್ಯುವುದು ಯಾವಾಗ ಎಂದು ಕೇಳಿದೆ.

"ಕುಯ್ಯಾದೇನೈತೆ ಮೇಸ್ಟ್ರೇ, ಅದು ಕಡೇಲಿ" ಎಂದ. "ಸಣ್ಣ ಗರಗಸಕ್ಕೆ ಮರದ ದಪ್ಪ ಗೊತ್ತಾಗ್ಬಾರ್ದು. ಒಂದೊಂದೇ ಮಗ್ಗುಲು ತೋರುಸ್ಬೇಕು. ಇಡೀ ಮರ ಕಂಡ್ರೆ ಎದುರ್ಕತದೆ."

ಇದನ್ನು ಆ ಸಂಜೆಯೇ ನೋಟು ಪುಸ್ತಕದಲ್ಲಿ ಬರೆದುಕೊಂಡೆ. ಮಾತಿನ ಚಂದಕ್ಕಾಗಿ ಬರೆದುಕೊಂಡೆ, ಅರ್ಥಕ್ಕಾಗಿ ಅಲ್ಲ.

ಅವನ ಕ್ರಮ ಹೀಗಿತ್ತು. ಮೇಲಿನ ಮಗ್ಗುಲಿನಲ್ಲಿ ಗೆರೆಯ ಮೇಲೆ ಐದಾರು ಬೆರಳು ಆಳ ಕೊಯ್ಯುವುದು. ಮರ ಬಿಗಿದುಕೊಂಡು ಗರಗಸ ಕಚ್ಚಬಾರದೆಂದು ಕೊಯ್ತದ ಬಾಯಿಗೆ ಸಣ್ಣ ಬೆಣೆ. ಆಮೇಲೆ ತೊಲೆಯನ್ನು ಒಂದು ಮಗ್ಗುಲು ಮಗುಚಿ ಮುಂದಿನ ಐದಾರು ಬೆರಳು. ನಾಲ್ಕೂ ಕಡೆಯಿಂದ ಬಂದ ಕೊಯ್ತ ನಡುವೆ ಕೂಡಿದರೆ ಕೆಲಸ ಮುಗಿಯಿತು. ಕೊಯ್ಯುವಾಗ ಅಪಾಯವಿಲ್ಲ, ಮಗುಚುವಾಗ ಇದೆ ಎಂದ. ಮಗುಚುವುದಕ್ಕೆ ಮೂವರು ಬೇಕು: ಹಾರೆ ಹಾಕಿ ಮೀಟುವವನು ಒಬ್ಬ, ಎದ್ದ ಸಂದಿಗೆ ಮರದ ತುಂಡು ತಳ್ಳುವವನು ಒಬ್ಬ, ದೂರ ನಿಂತು ಎರಡು ಕೊನೆಗಳನ್ನೂ ನೋಡಿ ಹೇಳುವವನು ಒಬ್ಬ. ಹಾರೆಗೆ ಅವನು. ತುಂಡು ತಳ್ಳುವುದಕ್ಕೆ ಮಳವಳ್ಳಿಯಿಂದ ತಂಗಿಯ ಗಂಡ ರಹೀಮನನ್ನು ಕರೆಸಿದ್ದ. ರಹೀಂ ದರ್ಜಿ, ಮಳವಳ್ಳಿ ಪೇಟೆ ಬೀದಿಯಲ್ಲಿ ಅವನದೊಂದು ಹೊಲಿಗೆ ಮಿಷನ್ನು. ಉದ್ದ ಬೆರಳಿನ, ಮೆಲುಮಾತಿನ ಮನುಷ್ಯ, ಕರೆದರು ಎಂದು ಬಂದಿದ್ದ.

"ಯೋಳಾಕೆ ನೀವು ನಿಂತ್ಕಳಿ ಮೇಸ್ಟ್ರೇ" ಎಂದ ಬಾಬು ಜಾನ್. "ನಿಮ್ಮ ಗಂಟ್ಲು ಊರಿಗೇ ಗೊತ್ತು. ಮರ ಮಗುಚೋವಾಗ ಒಬ್ರೇ ಮಾತಾಡ್ಬೇಕು. ಇಬ್ರು ಮಾತಾಡುದ್ರೆ ಮರ ಯಾರ ಮಾತ್ನೂ ಕೇಳಾಕಿಲ್ಲ."

ಅವರಿಬ್ಬರ ಮನೆಮಾತು ಬೇರೆ. ಸುಮ್ಮನೆ ಕೂತಾಗ ಅದರಲ್ಲೇ ಆಡಿಕೊಳ್ಳುತ್ತಿದ್ದರು. ಮರದ ಮುಂದೆ ಮಾತ್ರ ಕನ್ನಡ. ಹೇಳಬೇಕಾದ ಮಾತು ಮೂರೇ. ಮೀಟುವುದಕ್ಕೆ ಎತ್ತು. ನಿಲ್ಲುವುದಕ್ಕೆ ತಡಿ. ರಹೀಮನ ಕೈ ಹೊರಗೆ ಬಂದು ಭಾರ ಇಳಿಸಬಹುದಾದಾಗ ಬಿಡು. ನಾನು ಬಿಡು ಎನ್ನಬಹುದಾಗಿತ್ತು. ಇಪ್ಪತ್ತೆರಡು ವರ್ಷ ಅದನ್ನೇ ಕಲಿಸಿದವನು. ಆದರೆ ಹಿತ್ತಲಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತವನಿಗೆ ಹುಮ್ಮಸ್ಸು. "ಎತ್ಲಾ", "ತಡೀಲಾ", "ಬುಡು" ಎಂದೆ. ರಹೀಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಬಾಬು ಜಾನನೂ ನಕ್ಕ. ಎರಡನೆಯ ದಿನ ಎರಡು ಸಲ ಮಗುಚಿದೆವು. ಎರಡು ಸಲವೂ ನಾನು ಬುಡು ಎಂದೆ, ಎರಡು ಸಲವೂ ತೊಲೆ ಮಗುವಿನ ಹಾಗೆ ಮಗ್ಗುಲಾಯಿತು. ಅಡಿಗೆಮನೆಯ ಕಿಟಕಿಯಿಂದ ಸರಸಮ್ಮ ನೋಡುತ್ತಿದ್ದಳು. ನಗುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕೊನೆಯ ಮಗುಚು. ಬಾಬು ಜಾನ್ ಹಾರೆಯ ಮೇಲೆ ಮೈಭಾರವೆಲ್ಲ ಹಾಕಿ ತೊಲೆಯನ್ನು ಒಂದು ಗೇಣು ಎತ್ತಿ ಹಿಡಿದಿದ್ದ. ರಹೀಂ ಮಂಡಿಯೂರಿ ಸಂದಿಗೆ ತುಂಡು ತಳ್ಳುತ್ತಿದ್ದ. ಇಬ್ಬರೂ ತೊಲೆಯ ನಡುವೆ ಇದ್ದವರು. ಕೊನೆಗಳು ಅವರಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಬುಡದ ಕೊನೆ ತನ್ನ ಅಡ್ಡ ಮರದ ಮೇಲೆ ಮೆಲ್ಲಗೆ ಜಾರತೊಡಗಿತು. ಬುಡ ಜಾರುತ್ತಿದೆ ಎಂದು ಹೇಳಬೇಕು. ಹೆದರಿಕೆಯಲ್ಲಿ ಮನುಷ್ಯನಿಗೆ ತನ್ನ ಭಾಷೆಯೇ ಬರುತ್ತದೆ. "ಬುಡ" ಎಂದು ಕೂಗಿದೆ. ಎರಡನೆಯ ಶಬ್ದ ಗಂಟಲಲ್ಲೇ ಉಳಿಯಿತು.

ಬಾಬು ಜಾನ್ ಹಾರೆ ಬಿಟ್ಟ.

ರಹೀಮನ ಬಲಗೈ ತೊಲೆಯ ಕೆಳಗೆ ಸಿಕ್ಕಿತು. ಹಜಾರದ ಗೋಡೆ ಕಟ್ಟುತ್ತಿದ್ದ ಹೊನ್ನಯ್ಯ ಓಡಿ ಬಂದ, ಅಕ್ಕಪಕ್ಕದವರು ಬಂದರು, ನಾಲ್ಕು ಜನ ತೊಲೆ ಎತ್ತಿದರು. ಏನಾಯಿತು ಎಂದು ಹೊನ್ನಯ್ಯ ಕೇಳಿದ್ದಕ್ಕೆ, ಹಾರೆ ಬಿಟ್ಟುಬಿಟ್ಟ ಎಂದೆ. ನಡೆದದ್ದು ಅದೇ. ನನಗೆ ಆಗ ಗೊತ್ತಿದ್ದದ್ದೂ ಅಷ್ಟೇ. ಹೊನ್ನಯ್ಯನ ಬಾಯಿಂದ ಅದು ಸಂಜೆಯೊಳಗೆ ಹೊಳೆಯ ದಾರಿಯವರೆಗೂ ಹೋಯಿತು.

ಆಸ್ಪತ್ರೆಯಲ್ಲಿ ರಹೀಮನ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ತೆಗೆದರು. ಹೊರಗೆ ಬೇವಿನ ಮರದ ಕೆಳಗೆ ಬಾಬು ಜಾನ್ ಕೂತಿದ್ದ. ನೆಲ ನೋಡುತ್ತ ಕೇಳಿದ.

"ನೀವು ಬುಡು ಅಂದ್ರಲ್ಲಾ ಮೇಸ್ಟ್ರೇ?"

"ಬುಡ ಅಂದೆ. ಬುಡ ಜಾರ್ತಿತ್ತು."

ಅವನು ಅದನ್ನು ಬಾಯೊಳಗೇ ಹೇಳಿ ನೋಡಿಕೊಂಡ. ಬುಡ. ಬುಡು. ನನ್ನ ತರಗತಿಯಲ್ಲಿ ಕಾಗುಣಿತ ಒಪ್ಪಿಸಿದ ಹುಡುಗ ಆ ಮುಖದಲ್ಲಿ ಒಂದು ಕ್ಷಣ ಕಂಡ.

"ನಂಗೆ ಡಕ್ಕೆ ಕೊಂಬು ಕೇಳುಸ್ತು" ಎಂದ.

ಮಾರನೆಯ ದಿನ ಮಳವಳ್ಳಿ ಬಸ್ಸಿನಲ್ಲಿ ಸುಲ್ತಾನ್ ಬೀ ಬಂದಳು, ಬಾಬು ಜಾನನ ತಂಗಿ, ರಹೀಮನ ಹೆಂಡತಿ. ಗಂಡನನ್ನು ನೋಡಿಕೊಂಡು ಹೊರಗೆ ಬಂದಾಗ ಅಳುತ್ತಿರಲಿಲ್ಲ. ಆಸ್ಪತ್ರೆಯ ಜಗುಲಿಯ ಮೇಲೆ ನಾನಿದ್ದೆ, ಹೊನ್ನಯ್ಯ ಇದ್ದ, ನಮ್ಮ ಶಾಲೆಯ ಇಬ್ಬರು ಉಪಾಧ್ಯಾಯರು ಸುದ್ದಿ ತಿಳಿದು ಬಂದಿದ್ದರು. ಬಾಬು ಜಾನ್ ಕಂಬಕ್ಕೆ ಒರಗಿ ನಿಂತಿದ್ದ. ಅವಳು ನೇರ ನನ್ನ ಮುಂದೆ ಬಂದಳು.

"ನಮ್ಮಣ್ಣ ಯೋಳ್ತಾನೆ, ನೀವು ಬುಡು ಅಂದ್ರಂತೆ, ಅದಕ್ಕೇ ಬುಟ್ನಂತೆ. ಅಂದ್ರಾ ಸಾಮಿ?"

"ಇಲ್ಲ ತಾಯಿ. ನಾನು ಬುಡು ಅನ್ನಲಿಲ್ಲ" ಎಂದೆ.

ಇದರಲ್ಲಿ ಸುಳ್ಳಿನ ಒಂದು ಅಕ್ಷರವಿಲ್ಲ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ. ಬುಡ ಎಂದೆ ಎಂಬ ಇನ್ನೊಂದು ವಾಕ್ಯ ಬಾಕಿಯಿತ್ತು, ಅದು ನಾಲಗೆಯ ತುದಿಗೂ ಬಂದಿತ್ತು. ಆದರೆ ಅದನ್ನು ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕಾಗುತ್ತಿತ್ತು. ತೊಲೆ ಬೀಳುವ ಹಿಂದಿನ ದಿನವೆಲ್ಲ ಮೇಷ್ಟ್ರು ಬುಡು ಎಂದೇ ಹೇಳುತ್ತಿದ್ದರು, ಅದೂ ಆಡಿ ತೋರಿಸುವ ಸುಖಕ್ಕೆ. ನೆಟ್ಟಗೆ ಬಿಡು ಎಂದಿದ್ದರೆ ಬುಡ ಬುಡವಾಗಿಯೇ ಕೇಳಿಸುತ್ತಿತ್ತು. ಇಬ್ಬರು ಉಪಾಧ್ಯಾಯರ ಎದುರಿಗೆ, ಹೊನ್ನಯ್ಯನ ಎದುರಿಗೆ ಇದನ್ನು ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದ ಹಾಗೆ ಹೇಳುವ ಹೊತ್ತು ಮುಗಿದುಹೋಯಿತು. ಸುಲ್ತಾನ್ ಬೀ ತಿರುಗಿ ಅಣ್ಣನನ್ನು ನೋಡಿದಳು. ಅವನು ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ಉತ್ತರ ಬರೆದು ಮುಗಿಸಿದ ಹುಡುಗ ಮೇಷ್ಟ್ರು ಏನು ಗುರುತು ಹಾಕುತ್ತಾರೆ ಎಂದು ಕಾಯುವ ಹಾಗೆ ಇತ್ತು. ನಾನು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡೆ.

ಅಂದಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಗಂಡನ ಕೈ ಮೇಲೆ ಮರ ಬಿಟ್ಟದ್ದಕ್ಕಲ್ಲ. ಬಿಟ್ಟು, ಮೇಷ್ಟ್ರ ಮೇಲೆ ಹೇಳಿದ್ದಕ್ಕೆ.

ಮೂರು ವಾರದ ಮೇಲೆ ಬಾಬು ಜಾನ್ ಒಬ್ಬನೇ ಬಂದ. ಕೆಲಸ ಅರ್ಧಕ್ಕೆ ನಿಂತಿದೆ ಎಂದ. ದೂರ ನಿಂತು ಹೇಳಬೇಕೇ ಎಂದು ಕೇಳಿದೆ, ನನ್ನ ಮಾತಿನಲ್ಲೇ.

"ಬ್ಯಾಡಿ ಮೇಸ್ಟ್ರೇ. ಮರ ಮಗುಚಾಕಿಲ್ಲ. ಮಾತು ಬೇಕಾಗಾಕಿಲ್ಲ."

ಉಳಿದಿದ್ದದ್ದು ಒಂದು ಮಗ್ಗುಲು, ಆವತ್ತು ನಾಲ್ಕು ಜನ ತೊಲೆ ಎತ್ತಿದಾಗ ಅದು ಕೆಳಗಾಗಿತ್ತು. ತೊಲೆಯ ಕೆಳಗೆ ಎರಡೂ ಕಡೆ ಇಟ್ಟಿಗೆ ಕಟ್ಟಿ ಭದ್ರ ಮಾಡಿ, ತಾನು ನೆಲದ ಮೇಲೆ ಮಗ್ಗುಲಾಗಿ ಮಲಗಿ, ತಲೆಗೆ ಟವಲು ಸುತ್ತಿಕೊಂಡು ಗರಗಸವನ್ನು ಕೆಳಗಿನಿಂದ ಮೇಲಕ್ಕೆ ಎಳೆದ. ಪುಡಿಯೆಲ್ಲ ಕಣ್ಣಿಗೆ ಬೀಳುತ್ತಿತ್ತು. ಗರಗಸ ಬಿಸಿಯಾದಾಗ ನಿಲ್ಲಿಸಿ ಎಣ್ಣೆ ಬಟ್ಟೆ ಸವರುತ್ತಿದ್ದ. ಎರಡು ದಿನ ಹಿಡಿಯಿತು. ತೊಲೆ ತುಂಡಾದಾಗ ಸದ್ದೇ ಆಗಲಿಲ್ಲ, ಎರಡು ಭಾಗವೂ ತಾವಿದ್ದಲ್ಲೇ ಮಲಗಿದ್ದವು. ನಾಲ್ಕು ಮಗ್ಗುಲಿನಿಂದ ಬಂದ ಕೊಯ್ತ ನಡುವೆ ಕೂಡಿದ ಜಾಗದಲ್ಲಿ ಬೆರಳಾಡಿಸಿದೆ. ಉಬ್ಬಿಲ್ಲ, ತಗ್ಗಿಲ್ಲ. ನಾನು ಅದನ್ನು ಹೊಗಳಿದೆ. ಅವನು ಉಳಿಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡ.

ಮುಂದೆ ಊರಿನಲ್ಲಿ ಅವನಿಗೆ ಕೆಲಸ ಕಡಿಮೆಯಾಯಿತು. ಗಾಡಿಯವರು ಚಕ್ರ ಕೊಡುತ್ತಿದ್ದರು. ಜೊತೆಯಲ್ಲಿ ನಿಂತು ಭಾರ ಹಿಡಿಯುವುದಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ. ತಂಗಿ ಗಂಡನ ಕೈ ಮೇಲೇ ಬುಟ್ಟವನು ಎನ್ನುತ್ತಿದ್ದರು. ಒಂದು ದಿನ ಜಗುಲಿ ಖಾಲಿಯಿತ್ತು. ಹುಣಸೂರಿನ ಕಡೆ ಯಾವುದೋ ಮರದ ಅಡ್ಡೆಗೆ ಹೋದನಂತೆ ಎಂದರು. ಹೋಗುವ ಮುಂಚೆ ಬಂದು ಹೇಳಿ ಹೋಗಲಿಲ್ಲ ಎಂದು ನನಗೆ ಸ್ವಲ್ಪ ಬೇಸರವೂ ಆಯಿತು. ಮನುಷ್ಯನ ನಾಚಿಕೆಗೆಟ್ಟತನಕ್ಕೆ ಎಲ್ಲೆ ಇಲ್ಲ.

ಎರಡು ವರ್ಷ ಕಳೆಯಿತು. ಹಜಾರದ ಮೇಲೆ ತೊಲೆ ಕೂತಿತು. ನಾನು ಬುಡ ಎಂದೇ ಹೇಳಿದ್ದು ಎಂಬುದು ನನ್ನ ಆಧಾರವಾಗಿತ್ತು. ಆಗಾಗ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಶಬ್ದ ಸರಿಯಾಗಿತ್ತು, ಉಚ್ಚಾರ ಸರಿಯಾಗಿತ್ತು. ಕೇಳಿದವನ ಕಿವಿಗೆ ಹೇಳಿದವನು ಹೊಣೆಯೇ? ಹೀಗೆಲ್ಲ ವಾದ ಮಾಡುವುದಕ್ಕೆ ಎದುರು ವಕೀಲರಿಲ್ಲದಿದ್ದರೆ ಎಷ್ಟು ಚೆನ್ನಾಗಿ ಬರುತ್ತದೆ.

ಮೂವತ್ತೈದರ ದಸರೆ ರಜದಲ್ಲಿ ಮೈಸೂರಿನಿಂದ ಸರಸಮ್ಮನ ತಮ್ಮನೂ ಅವನ ಸ್ನೇಹಿತರೂ ಬಂದರು. ಊಟವಾಯಿತು, ಎಲೆಯಡಿಕೆಯಾಯಿತು. ಅದೇ ತೊಲೆಯ ಕೆಳಗೆ ಜಮಖಾನದ ಮೇಲೆ ಕೂತು, ಭಾವ ಮದ್ದೂರು ಮಾತು ಮಾಡಿ ತೋರಿಸಬೇಕು ಎಂದರು. ಕೋಳಿ ಜಗಳ ಮಾಡಿದೆ. ಗಾಡಿಯವರ ಜಗಳ ಮಾಡಿದೆ. ಎಲ್ಲರೂ ನಗುತ್ತಿದ್ದರು. ಗಾಡಿಯವನು ಬುಡು ಬುಡು ಎನ್ನುವ ಕಡೆ ನಾನು ಸ್ವಲ್ಪ ಹೆಚ್ಚೇ ಎಳೆದಿರಬೇಕು. ಒಳಗಿನಿಂದ ಸರಸಮ್ಮನ ಧ್ವನಿ ಬಂತು, ಎತ್ತರಿಸಿದ ಧ್ವನಿಯಲ್ಲ.

"ಅದೊಂದು ಮಾತು ಬಿಟ್ಟು ಬೇರೆ ಯಾವುದಾದರೂ ಮಾಡಿ."

ನೆಂಟರಿಗೆ ಇದೂ ತಮಾಷೆಯಾಗಿ ಕಂಡಿತು. ನನಗೆ ಕಿಟಕಿ ನೆನಪಾಯಿತು. ಅವಳಿಗೆ ಮೊದಲಿನಿಂದಲೂ ಎಲ್ಲ ಕೇಳಿಸಿತ್ತು; ಎತ್ಲಾ, ತಡೀಲಾ, ಬುಡು, ಕೊನೆಗೆ ಬುಡ. ಎರಡು ವರ್ಷ ಅವಳು ನನ್ನ ಬಾಯಿಂದ ಬರಲಿ ಎಂದು ಕಾದಿದ್ದಳು. ಅವತ್ತು ಕಾದದ್ದು ಸಾಕು ಎನಿಸಿರಬೇಕು. ನೆಂಟರು ಹೋದ ಮೇಲೆ ಈ ಮಾತು ನಮ್ಮಲ್ಲಿ ಬರಲಿಲ್ಲ. ಬೆಳಿಗ್ಗೆ ನೋಡಿದರೆ ನನ್ನ ಕರಿ ಕೋಟನ್ನು ಧೂಳು ಕೊಡವಿ ಬಾಗಿಲ ಪಕ್ಕದ ಗೂಟಕ್ಕೆ ಹಾಕಿದ್ದಳು. ಮಳವಳ್ಳಿ ಬಸ್ಸು ಎಂಟು ಗಂಟೆಗೆ.

ಮಳವಳ್ಳಿ ಪೇಟೆ ಬೀದಿಯಲ್ಲಿ ಅಂಗಡಿ ಅಲ್ಲೇ ಇತ್ತು. ಮಿಷನ್ನಿನ ಮುಂದೆ ಕೂತಿದ್ದವಳು ಸುಲ್ತಾನ್ ಬೀ. ರಹೀಂ ಹೊರಗೆ ಹಲಗೆಯ ಮೇಲೆ ದಾರದ ಉಂಡೆ, ಗುಂಡಿ, ಲಾಡಿ ಹರಡಿಕೊಂಡು ಕೂತಿದ್ದ. ಎಡಗೈಯಲ್ಲಿ ನಮಸ್ಕಾರ ಮಾಡುವಂತಾಗಿ, ಅದು ಸರಿಯಲ್ಲವೆಂದು ಕೈ ಇಳಿಸಿ, ತಲೆಬಾಗಿಸಿದ. ನಾನು ನಿಂತೇ ಹೇಳಿದೆ. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಬಿದ್ದುಹೋಗಿ ಮೂರೇ ವಾಕ್ಯ ಉಳಿದಿದ್ದವು. ಆವತ್ತು ನಾನು ಕೂಗಿದ್ದು ಬುಡ ಎಂದು. ಆದರೆ ಅದಕ್ಕೆ ಮುಂಚೆ ನಾನು ಬಿಡು ಎನ್ನುವ ಕಡೆಯೆಲ್ಲ ಬುಡು ಎಂದೇ ಹೇಳುತ್ತಿದ್ದೆ, ತಮಾಷೆಗೆ. ನಿಮ್ಮಣ್ಣನಿಗೆ ಹಾಗೆ ಕೇಳಿಸಿದ್ದು ಅವನ ತಪ್ಪಲ್ಲ.

ಮಿಷನ್ನಿನ ಚಕ್ರ ತಾನೇ ಎರಡು ಸುತ್ತು ಸುತ್ತಿ ನಿಂತಿತು.

"ಅಂಗಾರೆ ನಮ್ಮಣ್ಣ ದಿಟವಾ ಯೋಳಿದ್ದ" ಎಂದಳು. ನನಗೆ ಹೇಳಿದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿದಳು: "ಅವ್ನು ಚಿಕ್ಕೋನಾಗಿದ್ದಾಗ ಬುಡು ಅಂದಿದ್ದಕ್ಕೆ ನಿಮ್ಮ ಕೈಲಿ ಏಟು ತಿಂದು ಅಂಗೈ ಊದುಸ್ಕಂಡು ಬಂದಿದ್ದ. ನಾನೇ ಅಳ್ಳೆಣ್ಣೆ ಅಚ್ಚಿದ್ದೆ. ಆಸ್ಪತ್ರೆತಾವು ಬುಡು ಅಂದ್ರು ಅಂತ ಆಣೆ ಇಟ್ಟ. ಅಂಥ ಮೇಸ್ಟ್ರು ನಮ್ಮಂಗೆ ಬುಡು ಅಂತಾರೇನೋ, ಸುಳ್ಳಾಡ್ಬ್ಯಾಡ ಅಂದೆ. ನಮ್ಮ ಯಜಮಾನ್ರೂ ನೀವು ಅಂಗಂತಿದ್ರಿ ಅಂದ್ರು, ನಮ್ಮಣ್ಣನ್ನ ಉಳ್ಸಾಕೆ ಅಂತಾರೆ ಅಂದ್ಕಂಡೆ. ನಿಮ್ಮುನ್ನ ಕೇಳುದ್ರೆ ಇಲ್ಲ ಅಂದ್ರಿ."

ನನಗೆ ಆ ಏಟು ನೆನಪಿರಲಿಲ್ಲ. ಅಂಥವು ಎಷ್ಟೋ.

ಅವನು ಹುಣಸೂರಿಗೆ ಹೋದ ಮೇಲೆ ಎರಡು ಸಲ ರಂಜಾನ್ ಹಬ್ಬಕ್ಕೆ ಬಂದಿದ್ದನಂತೆ. ಮೊದಲ ಸಲ ರಹೀಮನಿಗೆ ಒಂದು ಮರದ ಗಜಕೋಲು ಮಾಡಿಕೊಂಡು ತಂದಿದ್ದ, ಎಡಗೈಯಲ್ಲಿ ಹಿಡಿಯುವಂಥದ್ದು. ಅವಳು ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲವೂ ತೆಗೆಯಲಿಲ್ಲ. ಇದನ್ನು ಹೇಳಿ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಈಗ್ಯಾಕೆ ಬಂದು ಯೋಳಿದ್ರಿ ಸಾಮಿ?"

ಹೇಳಿದರೆ ನನ್ನ ಎದೆ ಹಗುರಾಗುತ್ತದೆ ಎಂದು ಬಂದಿದ್ದೆ. ಹಗುರಾಗಿತ್ತು ಕೂಡ. ಇಳಿಸಿದ್ದು ಎಲ್ಲಿಗೆ ಎಂಬುದು ಈಗ ಎದುರಿಗೆ ಕಾಣುತ್ತಿತ್ತು. ಎರಡು ವರ್ಷ ಅವಳು ಸುಳ್ಳ ಅಣ್ಣನ ಮೇಲೆ ಬಾಗಿಲು ಹಾಕಿದ್ದಳು. ನಾನು ಬಂದು ಒಂದು ಗಳಿಗೆಯಲ್ಲಿ, ಬಾಗಿಲ ಹೊರಗೆ ನಿಂತಿದ್ದವನನ್ನು ನಿಜ ಹೇಳಿದವನನ್ನಾಗಿ ಮಾಡಿದ್ದೆ. ರಹೀಂ ಹೊರಗಿನಿಂದ, ನನಗೆ ಅರ್ಥವಾಗಲೆಂದು ಕನ್ನಡದಲ್ಲೇ, "ಓಗ್ಲಿ ಬುಡು, ಬಿಸ್ಲಲ್ಲಿ ಬಂದವ್ರೆ" ಎಂದ. ನಮ್ಮವರು ಅವರ ಮನೆಯಲ್ಲಿ ಏನು ಮುಟ್ಟುತ್ತಾರೆ ಏನು ಮುಟ್ಟುವುದಿಲ್ಲ ಎಂದು ಯೋಚಿಸಿ ಎದುರಿನಿಂದ ಒಂದು ಎಳನೀರು ಕೆತ್ತಿಸಿ ತಂದುಕೊಟ್ಟ. ಎಡಗೈಯಲ್ಲಿ ಕೊಡುತ್ತಿದ್ದೇನಲ್ಲ ಎಂದು ನಾಚಿಕೊಂಡ. ಕುಡಿದೆ.

ಹೊರಡುವಾಗ ಸುಲ್ತಾನ್ ಬೀ ಒಂದು ಕಾಗದ ಬರೆದುಕೊಡಿ ಎಂದಳು. ಅಡ್ಡೆಯ ಹೆಸರು ರಹೀಮನಿಗೆ ಗೊತ್ತಿತ್ತು. ಬಾಬು ಜಾನ್ ಕನ್ನಡ ಓದಬಲ್ಲ, ಅಷ್ಟನ್ನು ನಾನು ಕಲಿಸಿದ್ದೆ. ಮಿಷನ್ನಿನ ಹಲಗೆಯ ಮೇಲೆ ಕಾಗದ ಇಟ್ಟುಕೊಂಡೆ. ಅವಳು ಹೇಳುತ್ತ ಹೋದಳು. ಅಣ್ಣನಿಗೆ ಸಲಾಮು. ಎಲ್ಲರೂ ಚೆನ್ನಾಗಿದ್ದೇವೆ. ಮೇಷ್ಟ್ರು ಬಂದು ಹೇಳಿದರು. ಆಮೇಲೆ ನಿಲ್ಲಿಸಿ ಯೋಚಿಸಿದಳು.

"ಆಗಿದ್ದು ಆಗೋಯ್ತು, ಬುಡು, ಅಬ್ಬಕ್ಕೆ ಬಾ. ಅಷ್ಟೇಯ."

ನಾನು ಲೇಖನಿ ಎತ್ತಿದಾಗ ಅವಳು ಕೈ ಅಡ್ಡ ಹಿಡಿದಳು.

"ಬುಡು ಅಂತ್ಲೇ ಬರೀರಿ. ತಿದ್ಬ್ಯಾಡಿ. ತಿದ್ದುದ್ರೆ ನಾನು ಬರ್ಸಿದ್ದು ಅಂತ ಅವ್ನು ನಂಬಾಕಿಲ್ಲ."

ಬರೆದೆ. ಬು ಬರೆದು ಡ ಬರೆದು, ಡಕ್ಕೆ ಕೊಂಬು ಎಳೆದೆ. ನೋಟು ಪುಸ್ತಕದಲ್ಲಿ ಅದನ್ನು ಎಷ್ಟೋ ಸಲ ಬರೆದಿದ್ದವನು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಹೇಳುವ ಮಾತಾಗಿ ಬರೆದದ್ದು ಅದೇ ಮೊದಲು. ಅವಳಿಗೆ ಓದು ಬಾರದು. ಆದರೂ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಮಾತು ಯಾವುದು ಎಂದು ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದಳು.

ಲಕೋಟೆಯ ಹಿಂದೆ ನನ್ನ ವಿಳಾಸ ಬರೆದು ಅವತ್ತೇ ಅಂಚೆಗೆ ಹಾಕಿದೆ. ಐದು ವಾರಕ್ಕೆ ಅದು ಮದ್ದೂರಿಗೆ ವಾಪಸು ಬಂತು. ಆ ಹೆಸರಿನವರು ಅಡ್ಡೆ ಬಿಟ್ಟು ಹೋಗಿದ್ದಾರೆ, ಎಲ್ಲಿಗೆಂದು ತಿಳಿಯದು ಎಂದು ಯಾರೋ ಕೆಂಪು ಶಾಯಿಯಲ್ಲಿ ಬರೆದಿದ್ದರು, ದುಂಡು ಅಕ್ಷರ, ಕಾಗುಣಿತದಲ್ಲಿ ಒಂದು ತಪ್ಪಿಲ್ಲ.

ಹುಣಸೂರಿಗೆ ಹೋಗಿ ವಿಚಾರಿಸಬೇಕು. ಅದಕ್ಕಿಂತ ಮುಂಚೆ ಮಳವಳ್ಳಿಗೆ ಹೋಗಿ ಅವಳಿಗೆ ಹೇಳಬೇಕು. ಹಬ್ಬ ಸಮೀಪಿಸುತ್ತಿದೆ, ಈ ಸಲ ಅವಳು ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾಳೆ. ಲಕೋಟೆ ನನ್ನ ಮೇಜಿನ ಖಾನೆಯಲ್ಲಿದೆ. ಬಂದು ಹನ್ನೆರಡು ದಿನವಾಯಿತು.

ಬೆಳಿಗ್ಗೆ ಎಂಟಕ್ಕೆ ಮಳವಳ್ಳಿ ಬಸ್ಸು ನಮ್ಮ ಬೀದಿಯ ತುದಿಯಲ್ಲಿ ಹಾರನ್ನು ಹೊಡೆಯುತ್ತದೆ. ಸರಸಮ್ಮ ಒಳಗೆ ಕೈಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಾಳೆ. ನಾನು ಹಜಾರದಲ್ಲಿ ಕೂತು ಕೇಳುತ್ತೇನೆ. ಬಸ್ಸು ಹೋದ ಮೇಲೆ ಪಾತ್ರೆಯ ಸದ್ದು ಮತ್ತೆ ಶುರುವಾಗುತ್ತದೆ. ಕೋಟು ಇನ್ನೂ ಗೂಟದ ಮೇಲೇ ಇದೆ.